ಇಬತ್ತಿ ಹಚ್ಚಿಕೊಂಡ ವಿಮಾನ

ಅಂಗಡಿಯವನು ಮೂರು ಪುಟ್ಟ ಸೀಸೆಗಳನ್ನು ಗಾಜಿನ ಕೌಂಟರಿನ ಮೇಲೆ ಸಾಲಾಗಿ ಇಟ್ಟು, "ಆಂಟೀ, ಸ್ಯಾಟಿನ್ ದೂಂ, ಮ್ಯಾಟ್ ದೂಂ, ಕಿ ಏಕ್‌ದಮ್ ಡೆಡ್ ಫ್ಲ್ಯಾಟ್?" ಎಂದು ಕೇಳಿದ. ಎಂಬತ್ತು ದಾಟಿದ ಹೆಂಗಸಿನ ಮುಂದೆ ಡೆಡ್ ಎಂಬ ಶಬ್ದವನ್ನು ಇಷ್ಟು ಹಗುರವಾಗಿ ಆಡಬಾರದು. ಆದರೆ ಅವನದೇನು ತಪ್ಪು? ನನ್ನ ವಯಸ್ಸಿನವರು ನಾಶಿಕದ ಅಂಗಡಿಗಳಲ್ಲಿ ಮೊಣಕಾಲಿಗೆ ಸುತ್ತುವ ಪಟ್ಟಿ ಕೇಳುತ್ತಾರೆ, ಸಕ್ಕರೆ ಇಲ್ಲದ ಬಿಸ್ಕತ್ತು ಕೇಳುತ್ತಾರೆ. ನಾನು ಆಟದ ವಿಮಾನ ಮಾರುವ ಅಂಗಡಿಗೆ ಹೋಗಿ ಹೊಳೆಯದ ವಾರ್ನಿಶ್ ಕೇಳುತ್ತಿದ್ದೆ.

ಅವನು ಒಂದು ಸೀಸೆಯ ಮುಚ್ಚಳ ತಿರುಗಿಸಿದ. ಮಾಗಿ ಕಪ್ಪಾದ ಬಾಳೆಹಣ್ಣಿನಂಥ ವಾಸನೆ ಎದ್ದು ಬಂತು. ವಿಮಾನ ಕಾರ್ಖಾನೆಯ ಕಾಲನಿಯಲ್ಲಿ ನೀವು ಸಂಸಾರ ಮಾಡಿದ್ದರೆ ನಿಮಗೂ ಈ ವಾಸನೆ ಗೊತ್ತಿರುತ್ತದೆ. ನಮ್ಮ ಗಂಡಂದಿರ ಅಂಗಿಗಳಲ್ಲಿ ಅದು ಮನೆಗೆ ಬರುತ್ತಿತ್ತು. ಎಷ್ಟು ಸಾಬೂನು ಹಚ್ಚಿದರೂ ಹೋಗುತ್ತಿರಲಿಲ್ಲ. ಕೌಂಟರನ್ನು ಹಿಡಿದುಕೊಂಡು, ಸೀಸೆಯ ಮೇಲೆ ಬಗ್ಗಿ ಮತ್ತೊಮ್ಮೆ ಮೂಸಿದೆ. ಅಂಗಡಿಯವನು ಗಾಬರಿಯಾಗಿ ಸ್ಟೂಲ್ ತಂದುಕೊಟ್ಟ.

ನಾನು ಅಲ್ಲಿಗೆ ಹೋಗುವಂತಾದದ್ದು ಸುಮನ್‌ಳಿಂದ. ಸುಮನ್ ನಮ್ಮ ಮನೆಗೆಲಸದವಳು, ಚಾಂದವಡ್ ಕಡೆಯವಳು. ನಮ್ಮ ನಡುಮನೆಯ ಕಪಾಟಿನ ಮೇಲೆ ಮರದ ವಿಮಾನವೊಂದಿದೆ. ಇವರು, ಅಂದರೆ ನಮ್ಮ ಯಜಮಾನರು, ಕೈಯಾರೆ ಕೆತ್ತಿದ್ದು. ಮೊನ್ನೆ ನೋಡುತ್ತೇನೆ, ಅದು ಮೂಗಿನಿಂದ ಬಾಲದವರೆಗೆ ಎಣ್ಣೆಯಲ್ಲಿ ಮಿಂದು, ಈಗಷ್ಟೇ ಬಾಣಲೆಯಿಂದ ತೆಗೆದ ಎಣಗಾಯಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ನನಗೆ ಸಿಟ್ಟು ಬರುವುದು ಇಂಗ್ಲಿಷಿನಲ್ಲಿ. "ಹೌ ಕುಡ್ ಯೂ!" ಎಂದು ಕೂಗಿದೆ. ಸುಮನ್ ಎಣ್ಣೆಯ ಬಟ್ಟಲು ಹಿಡಿದು ನಿಂತೇ ಇದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಏನೋ ಮನಸ್ಸಿಗೆ ನೋವಾದಂತಿತ್ತು. ಯಾಕೆ ಎಂದು ನಾನು ಕೇಳಲಿಲ್ಲ. ಆ ಹೊಳಪನ್ನು ನೋಡಿದರೆ ಇವರ ಆತ್ಮ ಎಲ್ಲಿದ್ದರೂ ಮುಖ ಕಿವುಚುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಇವರು ಕಲಬುರಗಿಯ ಕಡೆಯವರು. ಆಗ ಗುಲ್ಬರ್ಗಾ ಎನ್ನುತ್ತಿದ್ದೆವು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಎಂಬ್ರಾಯ್ಡರಿ, ಎಲೊಕ್ಯೂಷನ್, ಮೊಣಕಾಲು ಜೋಡಿಸಿ ಕುಳಿತುಕೊಳ್ಳುವುದು, ಇಷ್ಟನ್ನು ನನಗೆ ನನ್‌ಗಳು ಕಲಿಸಿದ್ದರು. ಜೋಳದ ರೊಟ್ಟಿ ತಟ್ಟುವುದು ಸಿಲಬಸ್‌ನಲ್ಲಿ ಇರಲಿಲ್ಲ. ಅರವತ್ತರ ದಶಕದ ನಡುವೆ ಮದುವೆಯಾಗಿ ನಾಶಿಕದ ಹತ್ತಿರದ ಓಝರಿನ ಕ್ವಾರ್ಟರ್ಸಿಗೆ ಬಂದೆ. ಗಂಡ ವಿಮಾನದ ಕಾರ್ಖಾನೆಯಲ್ಲಿದ್ದಾನೆ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡು ಬಂದವಳಿಗೆ, ಅವರಿರುವುದು ಸ್ಟೋರ್ಸಿನಲ್ಲಿ ಎಂದು ಆಮೇಲೆ ತಿಳಿಯಿತು. ಬೋಲ್ಟು, ರಿವೆಟ್ಟು, ವಾಶರು. ಇಡೀ ವಿಮಾನ ತುಂಡುತುಂಡಾಗಿ ಅವರ ಕೈ ದಾಟಿ ಹೋಗುತ್ತಿತ್ತು. ಒಂದಾದರೂ ವಿಮಾನವಾಗಿ ಅವರ ಮುಂದೆ ಬರುತ್ತಿರಲಿಲ್ಲ.

ಅವರ ಜೀವ ಇದ್ದದ್ದು ಮಾಡೆಲ್ ರೂಮಿನಲ್ಲಿ. ದೊಡ್ಡ ಅತಿಥಿಗಳಿಗೆ ಕೊಡಲು, ಪ್ರದರ್ಶನಗಳಲ್ಲಿಡಲು ಮರದ ವಿಮಾನಗಳನ್ನು ಮಾಡುವ ಕೋಣೆ ಅದು. ಅಲ್ಲಿಗೆ ಒಬ್ಬ ಹೊಸಬ ಬೇಕಾಗಿದ್ದಾನೆ ಎಂದು ಗೊತ್ತಾದಾಗ ಇವರು ಶಿವನಿ ಕಟ್ಟಿಗೆಯಲ್ಲಿ ಒಂದು ವಿಮಾನ ಕೆತ್ತಿ, ಬೂದು ಬಣ್ಣ ಬಳಿದು, ಬಾಲದ ಮೇಲೆ ಸಣ್ಣ ಕುಂಚದಿಂದ ನಂಬರು ಬರೆದು, ಆ ನಂಬರು ಅಳಿಸದಿರಲೆಂದು ಮೇಲೆ ತಿಳಿ ವಾರ್ನಿಶ್ ಹಚ್ಚಿ ತೆಗೆದುಕೊಂಡು ಹೋದರು. ಮಾಡೆಲ್ ರೂಮಿನ ಮುಖ್ಯಸ್ಥರು ಪಿಂಟೋ ಸಾಹೇಬರು. ಅವರು ವಿಮಾನವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ, ಹತ್ತು ಜನರ ಎದುರು, "ಇದು ಏರೋಪ್ಲೇನ್ ಅಲ್ಲ, ಚನ್ನಪಟ್ಟಣದ ಬೊಂಬೆ" ಎಂದುಬಿಟ್ಟರು.

ಆಮೇಲೆ ಕರುಣೆ ತೋರಿ ವಿವರಿಸಿದರಂತೆ. ದೂರದಲ್ಲಿ ನಿಂತ ನಿಜವಾದ ವಿಮಾನ ಹೀಗೆ ಪಳಪಳ ಹೊಳೆಯುವುದಿಲ್ಲ. ಮಾಡೆಲ್ ಎಂದರೆ ದೂರದಿಂದ ಕಂಡ ವಿಮಾನ. ಅದು ಚಿಕ್ಕದಾದಷ್ಟೂ ಹೊಳಪೂ ಚಿಕ್ಕದಾಗಬೇಕು. "ಯೂ ಹ್ಯಾವ್ ಸ್ಕೇಲ್ಡ್ ದ ವಿಂಗ್ಸ್. ಬೆಳಕನ್ನು ಸ್ಕೇಲ್ ಮಾಡಲಿಲ್ಲ" ಎಂದರಂತೆ. ದಸರೆಯ ಮರುವಾರ ಔರಂಗಾಬಾದಿನಲ್ಲಿ ಮಾಡೆಲ್‌ಗಳ ಪ್ರದರ್ಶನವಿತ್ತು. ಪಿಂಟೋ ಸಾಹೇಬರೇ ಪರೀಕ್ಷಕರು. ಅಲ್ಲಿಗೆ ಹೊಳಪಿಲ್ಲದ ವಿಮಾನ ತಂದರೆ ಮಾಡೆಲ್ ರೂಮು, ತರದಿದ್ದರೆ ಜೀವನಪೂರ್ತಿ ವಾಶರು.

ಅಂದಿನಿಂದ ನಮ್ಮ ಮನೆಯಲ್ಲಿ ಹೊಳೆಯುವ ಯಾವ ವಸ್ತುವಿಗೂ ನೆಮ್ಮದಿ ಉಳಿಯಲಿಲ್ಲ. ಇವರು ಟಾರ್ಚ್ ಹಿಡಿದು ತಿರುಗುತ್ತಿದ್ದರು. ಹಂಡೆಯ ಮೇಲೆ ಬಿಟ್ಟು "ಗ್ಲಾಸಿ", ಮಾವಿನ ಎಲೆಯ ಮೇಲೆ ಬಿಟ್ಟು "ಸೆಮಿ ಗ್ಲಾಸಿ", ಬದನೆಕಾಯಿಯ ಮೇಲೆ ಬಿಟ್ಟು ಒಂದು ನಿಟ್ಟುಸಿರು. ನಮ್ಮಪ್ಪ ನೋಡಲು ಬಂದಾಗ, ಆ ಪುಣ್ಯಾತ್ಮರ ಬೋಳುತಲೆಯನ್ನು ಊಟದುದ್ದಕ್ಕೂ ದಿಟ್ಟಿಸಿ, "ನಿಮ್ಮಪ್ಪನವರದು ಸ್ಯಾಟಿನ್" ಎಂದು ನನ್ನ ಕಿವಿಯಲ್ಲಿ ಉಸುರಿದರು. ನಾನು ಮುಖಕ್ಕೆ ಕ್ರೀಮ್ ಹಚ್ಚಿಕೊಂಡು ಬಂದ ಸಂಜೆ ಕೆನ್ನೆಯ ಮೇಲೆ ಟಾರ್ಚ್ ಬಿದ್ದಾಗ, ಹೊಸ ಹೆಂಡತಿಗೆ ಏನೋ ಮಧುರವಾದ ಮಾತು ಬರುತ್ತದೆಂದು ಕಣ್ಣು ಮುಚ್ಚಿದೆ. "ಟೂ ಮಚ್ ಗ್ಲೇರ್" ಎಂದರು.

ಮ್ಯಾಟ್ ವಾರ್ನಿಶ್ ಎಂಬುದು ಆಗ ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ವಾರ್ನಿಶ್ ಎಂದರೆ ಹೊಳೆಯುವುದು. ಹೊಳೆಯದಿದ್ದರೆ ವಾಪಸು ಕೊಡುವುದು. ಹಾಗಾಗಿ ಸಂಶೋಧನೆ ಅಡುಗೆಮನೆಗೆ ಬಂತು. ಮೊದಲು ನನ್ನ ಪೌಡರ್ ಡಬ್ಬಿ ಹೋಯಿತು. ಪೌಡರನ್ನು ವಾರ್ನಿಶ್ಶಿನಲ್ಲಿ ಕಲಸಿ ಹಚ್ಚಿದರೆ ಗಂಟುಗಂಟಾಗಿ ಒಣಗಿತು. ಪಕ್ಕದ ಕ್ವಾರ್ಟರ್ಸಿನ ಮಹಾದೇವಿ ವೈನಿ ಬೀದರದವರು, ಬಾಯಿ ಮುಂದು. ನೋಡಿದವರೇ, "ಅಯ್ಯ, ಇಮಾನಕ್ಕ ಅಮ್ಮ ಬಂದಾಳಲ್ರೀ! ಬೇವಿನ ತಪ್ಪಲ ಕಟ್ರಿ ಬಾಗಲಿಗಿ" ಎಂದರು.

ವೈನಿಯೇ ಎರಡನೆಯ ಉಪಾಯ ಹೇಳಿದರು: ಗಂಜಿ. "ನಮ್ಮವರ ಧೋತರಕ್ಕ ಗಂಜಿ ಹಾಕ್ತೀನಿ, ಎಂದರ ಹೊಳೀತದೇನ್ರಿ?" ತರ್ಕದಲ್ಲಿ ದೋಷವಿರಲಿಲ್ಲ. ಗಂಜಿ ಹಚ್ಚಿದ ವಿಮಾನ ನಿಜಕ್ಕೂ ಮಂಕಾಗಿ, ಸುಂದರವಾಗಿ ಕಂಡಿತು. ಬೆಳಗಾಗುವಷ್ಟರಲ್ಲಿ ಕಾಲನಿಯ ಜಿರಲೆಗಳೆಲ್ಲ ಸೇರಿ ರೆಕ್ಕೆಗಳನ್ನು ನೆಕ್ಕಿ, ಬಾಲದ ನಂಬರನ್ನೂ ತಿಂದು ಹೋಗಿದ್ದವು. ಇವರು ಕುಳಿತು ಮತ್ತೆ ನಂಬರು ಬರೆದರು. ಮೂರನೆಯದು ನನ್ನ ಐಡಿಯಾ. ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಸಂತರ ಚಿತ್ರಗಳಿಗೆ ಮೊಟ್ಟೆಯ ಬಿಳಿ ಹಚ್ಚುತ್ತಿದ್ದದ್ದು ನೆನಪಿತ್ತು. ಯಾಕೆ ಹಚ್ಚುತ್ತಿದ್ದರು ಎಂಬುದು ಮರೆತಿತ್ತು. ಲಿಂಗಾಯತರ ಮನೆಗೆ ಉಣ್ಣೆಯ ಉಂಡೆಯೊಳಗೆ ಒಂದು ಮೊಟ್ಟೆ ಅಡಗಿಸಿ ತಂದೆ. ಹಚ್ಚಿದ ಮೇಲೆ ವಿಮಾನ ಸಂತರ ಕೆನ್ನೆಯ ಹಾಗೆ ಝಗ್ಗೆಂದಿತು. ಅದಕ್ಕೇ ಹಚ್ಚುತ್ತಿದ್ದರು!

ಇದೆಲ್ಲ ನಡೆಯುವಾಗ ನಮ್ಮತ್ತೆ ಊರಿನಿಂದ ದಸರೆಗೆಂದು ಬಂದಿದ್ದರು. ಗಟ್ಟಿ ಹೆಂಗಸು. ಹಣೆಯ ತುಂಬ ಇಬತ್ತಿ. ವಿಭೂತಿಗೆ ಅವರು ಅನ್ನುತ್ತಿದ್ದದ್ದು ಹಾಗೆಯೇ. ಆ ಬಿಳಿಯ ಗಟ್ಟಿಯನ್ನು ಕರ್ಪೂರದ ಜೊತೆ ಡಬ್ಬಿಯಲ್ಲಿಟ್ಟುಕೊಂಡು ತಿರುಗುವವರು. ಅವರು ಮೊದಲು ಮೂಗರಳಿಸಿ, "ಏನೋ ಹೊಲಸ ವಾಸನಿ ಬರ್ಲಕತ್ತದಲ್ಲ?" ಎಂದು ಕೇಳಿದರು.

"ವಾರ್ನಿಶ್, ಅತ್ತೀ" ಎಂದೆ.

"ಮದಿವ್ಯಾದ ಮ್ಯಾಲ ಗಂಡಸರು ತೊಟ್ಟಿಲಾ ಮಾಡ್ತಾರ" ಎಂದು ಗೋಡೆಗೆ ಹೇಳಿದರು ಅತ್ತೆ. "ನಮ್ಮಂವ ಇಮಾನಾ ಮಾಡ್ಲಕತ್ತಾನ."

ಇವರು ಮೊಟ್ಟೆಯನ್ನೆಲ್ಲ ತೊಳೆದು, ಸೋತು, ಕೊನೆಗೆ ಮತ್ತೆ ಮಾಮೂಲಿ ತಿಳಿ ವಾರ್ನಿಶ್ಶನ್ನೇ ತೆಳ್ಳಗೆ ಹಚ್ಚಿ ಇಟ್ಟರು. ಪ್ರದರ್ಶನಕ್ಕೆ ಹೋಗುವುದಿಲ್ಲ, ವಾಶರೇ ನನ್ನ ಹಣೆಬರಹ ಎಂದರು. ಅಂದು ಖಂಡೇಪೂಜೆ, ಅಂದರೆ ಆಯುಧಪೂಜೆ. ನಮ್ಮ ಮನೆಗಳಲ್ಲಿ ಆ ದಿನ ದುಡಿಯುವ ಯಾವ ವಸ್ತುವೂ ತಪ್ಪಿಸಿಕೊಳ್ಳುವಂತಿಲ್ಲ. ಅತ್ತೆ ಈಳಿಗೆಮಣೆಗೆ ಇಬತ್ತಿ ಹಚ್ಚಿದರು, ಸೈಕಲ್ಲಿಗೆ ಹಚ್ಚಿದರು, ನನ್ನ ಹೊಲಿಗೆ ಯಂತ್ರಕ್ಕೆ ಹಚ್ಚಿದರು, ಇವರ ಟಾರ್ಚಿಗೂ ಹಚ್ಚಿದರು. ಆಮೇಲೆ, ನಾವು ಯಾರೂ ತಡೆಯುವ ಮೊದಲೇ, ಇನ್ನೂ ಬೆರಳಿಗೆ ಅಂಟುತ್ತಿದ್ದ ಹಸಿ ವಾರ್ನಿಶ್ಶಿನ ಮೇಲೆ ಮೂರು ಬೆರಳು ಎಳೆದುಬಿಟ್ಟರು.

ಇವರ ಬಾಯಿಂದ ಬಂದ ಸದ್ದನ್ನು ನಾನು ಮತ್ತೆಂದೂ ಕೇಳಿಲ್ಲ.

"ಯಾಕೋ ಚೀರ್ತಿ? ದೇವರ ಇಬತ್ತಿ, ಚೇಳ ಅಲ್ಲ" ಎಂದು ಅತ್ತೆ ಆರತಿ ಮುಗಿಸಿದರು.

ಮಾರನೆಯ ದಿನ ಇವರು ಒದ್ದೆ ಬಟ್ಟೆ ಹಿಡಿದು ಅದನ್ನು ಒರೆಸಲು ಕೂತರು. ಬಿಳಿ ಪುಡಿ ಹೋಯಿತು. ಕೆಳಗೆ ಬೂದು ಬಣ್ಣ ಹಾಗೇ ತಿಳಿಯಾಗಿ ಕಂಡಿತು. ಆದರೆ ಅತ್ತೆಯ ಬೆರಳು ಹರಿದಲ್ಲಿ, ಆ ಮೂರು ಪಟ್ಟೆಗಳಲ್ಲಿ ಮಾತ್ರ, ಹೊಳಪು ಸತ್ತಿತ್ತು. ಟಾರ್ಚ್ ಬಿಟ್ಟರು. ಬೆಳಕು ಅಲ್ಲಿಗೆ ಹೋಗಿ ಸುಮ್ಮನೆ ಕೂತಿತು. ಇವರು ಟಾರ್ಚ್ ಆರಿಸಿದರು, ಹಚ್ಚಿದರು, ಆರಿಸಿದರು. ಆಮೇಲೆ ಎದ್ದುಹೋಗಿ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು. "ಜ್ವರಾ ಬಂದಾವೇನೋ?" ಎಂದು ಅತ್ತೆ ಮಗನ ಹಣೆ ಮುಟ್ಟಿ ನೋಡಿದರು.

ಇಡೀ ವಿಮಾನಕ್ಕೆ ಹೊಸ ವಾರ್ನಿಶ್ ಹಚ್ಚಿ, ಅದು ಅಂಟುವ ಹದಕ್ಕೆ ಬಂದಾಗ, ಮಲ್‌ಮಲ್ ಬಟ್ಟೆಯಲ್ಲಿ ಸೋಸಿ ಇಬತ್ತಿ ಉದುರಿಸುವುದೆಂದು ತೀರ್ಮಾನವಾಯಿತು. ಉದುರಿಸುವವರು ಅತ್ತೆಯೇ, ಮೀಯದೆ ಯಾರೂ ಆ ಡಬ್ಬಿ ಮುಟ್ಟುವಂತಿಲ್ಲ. ಮೂಗು, ಬೆನ್ನು, ರೆಕ್ಕೆ, ಬಾಲ ಎಲ್ಲ ಆಯಿತು. ಗಾಲಿಗಳ ಹತ್ತಿರ ಬಂದು ಅತ್ತೆ ಕೈ ತಡೆದರು.

"ಕಾಲಿಗಿ ಇಬತ್ತಿ ಹಚ್ಚಬಾರ್ದು" ಎಂದರು.

"ಯವ್ವಾ, ಅವು ಕಾಲಲ್ಲ. ಅಂಡರ್‌ಕ್ಯಾರೇಜ್" ಎಂದರು ಇವರು.

"ನೆಲಕ್ಕ ಊರ್ತಾವಿಲ್ಲೋ?"

"ಊರ್ತಾವ."

"ಅಂದ್ರ ಕಾಲೇ."

ಮಹಾದೇವಿ ವೈನಿಯನ್ನು ಕರೆಸಿ ಕೇಳಿದೆವು. ವೈನಿ ಬಹಳ ಯೋಚಿಸಿ, ನಂದಿಗೆ ಹಚ್ಚುವಾಗ ಗೊರಸಿಗೂ ಹಚ್ಚುತ್ತಾರೋ ಇಲ್ಲವೋ ತಮಗೆ ನೆನಪಿಲ್ಲವೆಂದರು. ಕಾನ್ವೆಂಟಿನ ಕ್ಯಾಟೆಕಿಸಂ ಕ್ಲಾಸಿನಲ್ಲೂ ನಾನು ಇಷ್ಟು ಗಂಭೀರ ಥಿಯಾಲಜಿ ಕೇಳಿರಲಿಲ್ಲ. ಕಡೆಗೆ ಗಾಲಿಗಳಿಗೆ ಒಲೆಯ ಬೂದಿ ಎಂದು ರಾಜಿಯಾಯಿತು. ಒಲೆಯ ಬೂದಿ ಒರಟು. ಅದು ವಾರ್ನಿಶ್ಶಿನೊಂದಿಗೆ ಅಚ್ಚಿನ ಸಂದಿಗಿಳಿದು ಸಿಮೆಂಟಾಯಿತು. ಗಿರಗಿರ ತಿರುಗುತ್ತಿದ್ದ ಗಾಲಿಗಳು ಕಚ್ಚಿಕೊಂಡು ನಿಂತವು. "ಹೋಗಲಿ, ಮಾಡೆಲ್ ಓಡಬೇಕಾಗಿಲ್ಲ, ನಿಂತರೆ ಸಾಕು" ಎಂದರು ಇವರು. ಆದರೂ ಬಹಳ ವರ್ಷಗಳವರೆಗೆ, ಯಾರೂ ನೋಡದಾಗ, ಬೆರಳಿನಿಂದ ಒಂದು ಗಾಲಿಯನ್ನು ತಳ್ಳಿ ನೋಡುತ್ತಿದ್ದರು. ನಾನು ನೋಡುತ್ತಿದ್ದೆ.

ಔರಂಗಾಬಾದಿಗೆ ಬಸ್ಸಿನಲ್ಲಿ ಹೊರಟೆವು. ಊರಿನ ಹೆಸರು ಈಗ ಛತ್ರಪತಿ ಸಂಭಾಜಿನಗರ; ನನ್ನ ನಾಲಿಗೆ ಇನ್ನೂ ಹಳೆಯ ಟಿಕೆಟ್ಟಿನಲ್ಲೇ ಓಡಾಡುತ್ತದೆ. ವಿಮಾನಕ್ಕೆ ಇವರು ಮುಂದೆ ತೆರೆದಿರುವ ಕಟ್ಟಿಗೆಯ ಪೆಟ್ಟಿಗೆ ಮಾಡಿದ್ದರು. ಹೊಸ ವಾರ್ನಿಶ್ಶಿಗೆ ಗಾಳಿ ಬೇಕಂತೆ. ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರ್ ಪೆಟ್ಟಿಗೆ ನೋಡಿದವನೇ, "ಏ, ಖೋಕಾ ವರ ಟಾಕಾ!" ಎಂದು ಟಾಪಿನ ಕಡೆ ಬೆರಳು ತೋರಿಸಿದ. ಈರುಳ್ಳಿ ಮೂಟೆಗಳ ನಡುವೆ! ಇವರು ಪೆಟ್ಟಿಗೆಯನ್ನು ಅಪ್ಪಿಕೊಂಡರು. ನಾನು ಶುದ್ಧ ಇಂಗ್ಲಿಷಿನಲ್ಲಿ ಪ್ಲೀಸ್ ಎಂದೆ. ಅದರಿಂದ ಏನೂ ಆಗಲಿಲ್ಲ.

ಅತ್ತೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಕನ್ನಡದಲ್ಲೇ ಗುಡುಗಿದರು. "ಇದು ನಮ್ಮ ಮನಿ ದೇವ್ರು! ದೇವ್ರನ್ನ ಈರುಳ್ಳಿ ಸಂಗಾಟ ಒಗೀತಾರೇನೋ, ಖೋಡಿ?"

'ದೇವ್ರು' ಎಂಬುದಷ್ಟು ಮರಾಠಿಯವರಿಗೂ ತಿಳಿಯುತ್ತದೆ. ಬಸ್ಸಿನವರೆಲ್ಲ ಕತ್ತು ಚಾಚಿ ನೋಡಿದರು. ಕರ್ಪೂರದ ವಾಸನೆ, ಗುಡಿಯಂಥ ಪೆಟ್ಟಿಗೆ, ಒಳಗೆ ಭಸ್ಮದ ಬಣ್ಣದಲ್ಲಿ ರೆಕ್ಕೆ ಬಿಚ್ಚಿ ಕೂತ ಒಂದು ಮೂರ್ತಿ. ಕಂಡಕ್ಟರ್ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದ. ಯಾರೋ ಎದ್ದು ಅತ್ತೆಗೆ ಕಿಟಕಿಯ ಸೀಟು ಕೊಟ್ಟರು. "ಹಾ ಕುಠಲಾ ದೇವ, ಆಜೀ?" ಎಂದು ಹಿಂದಿನಿಂದ ಒಬ್ಬಾಕೆ ಕೇಳಿದಳು, ಇದು ಯಾವ ದೇವರು ಎಂದು. ಅತ್ತೆ ಕಣ್ಣು ಮುಚ್ಚಿಕೊಂಡು ತುಟಿ ಅಲುಗಾಡಿಸತೊಡಗಿದರು. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಾಗ ಕಾನ್ವೆಂಟಿನಲ್ಲಿ ನಾವೂ ಹಾಗೇ ಮಾಡುತ್ತಿದ್ದೆವು.

ಮುಂದಿನದನ್ನು ತಡೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಯೇವಲಾ ಬರುವಷ್ಟರಲ್ಲಿ ಪೆಟ್ಟಿಗೆಯ ಮುಂದೆ ಚೆಂಡುಹೂ ಬಿದ್ದಿದ್ದವು. ವೈಜಾಪುರದಲ್ಲಿ ಒಬ್ಬ ಮುದುಕಿ ಹತ್ತಿದಳು. ಕುಂಕುಮದ ಕರಡಿಗೆ ತೆಗೆದಳು, ಎಣ್ಣೆಯಲ್ಲಿ ಕಲಸಿದ ಆ ಕುಂಕುಮದಲ್ಲಿ ಬೆರಳ ತುದಿ ಅದ್ದಿ, ವಿಮಾನದ ಮೂಗಿನ ಮೇಲೆ ದುಂಡಗೆ ಒತ್ತಿಬಿಟ್ಟಳು. ಇವರು ಕರವಸ್ತ್ರ ತೆಗೆದು ಒರೆಸಲು ಹೋದರೆ ಹೆಂಗಸರೆಲ್ಲ ಒಟ್ಟಿಗೆ ಹರಿಹಾಯ್ದರು. ಇಳಿದ ಮೇಲೆ ಒರೆಸಿ ನೋಡಿದರು. ಹೊಳೆಯುವ ಮೈಯ ಮೇಲಾಗಿದ್ದರೆ ಜಾರಿ ಬರುತ್ತಿತ್ತು. ಅಷ್ಟು ಕಷ್ಟಪಟ್ಟು ಮಾಡಿದ ಮ್ಯಾಟ್ ಅದನ್ನು ಗಟ್ಟಿಯಾಗಿ ಹೀರಿಕೊಂಡಿತ್ತು.

"ಮುಗೀತು" ಎಂದರು ಇವರು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು. "ಚನ್ನಪಟ್ಟಣದ ಬೊಂಬೆಗೆ ಈಗ ಕುಂಕುಮಾನೂ ಬಂತು."

"ಎದ್ದೇಳು, ಶಿವ್ಯಾ" ಎಂದರು ಅತ್ತೆ ಮಗನಿಗೆ. "ದೇವ್ರು ಬಂದದ, ಪೂಜಾರಿ ಕುಂತ್ರ ಹ್ಯಾಂಗ?"

ಪ್ರದರ್ಶನ ಒಂದು ಶಾಲೆಯ ಸಭಾಂಗಣದಲ್ಲಿತ್ತು. ಪಿಂಟೋ ಸಾಹೇಬರು ಮೇಜಿನಿಂದ ಮೇಜಿಗೆ ಬಂದು ನಮ್ಮ ಎದುರು ನಿಂತರು. ಟಾರ್ಚ್ ತೆಗೆದರು, ಆ ಚಟ ಎಲ್ಲಿಂದ ಅಂಟಿದ್ದೆಂದು ಆಗ ನನಗೆ ತಿಳಿಯಿತು. ಬೆನ್ನ ಮೇಲೆ ಬಿಟ್ಟರು, ರೆಕ್ಕೆಯ ಮೇಲೆ ಓರೆಯಾಗಿ ಬಿಟ್ಟರು. ಬಗ್ಗಿ ನೋಡಿದರು. "ನೋ ಗ್ಲೇರ್" ಎಂದು ಪಿಸುಗುಟ್ಟಿದರು. ಆಮೇಲೆ ಗಟ್ಟಿಯಾಗಿ, "ಮ್ಯಾಟಿಂಗ್ ಏಜೆಂಟ್ ಯಾವುದು?"

ಇವರು ನನ್ನ ಕಡೆ ತಿರುಗಿದರು. ನಾನೇ ಎಲೊಕ್ಯೂಷನ್ ಕ್ಲಾಸಿನ ಉಚ್ಚಾರದಲ್ಲಿ, "ಹೋಲಿ ಆಶ್, ಸರ್" ಎಂದೆ. "ಗಾಲಿಗಳಿಗೆ ಮಾತ್ರ ಆರ್ಡಿನರಿ ಆಶ್."

ಸಾಹೇಬರು ನನ್ನನ್ನೂ, ಹಣೆಯ ತುಂಬ ಮ್ಯಾಟಿಂಗ್ ಏಜೆಂಟ್ ಹಚ್ಚಿಕೊಂಡು ನಿಂತಿದ್ದ ಅತ್ತೆಯನ್ನೂ ನೋಡಿದರು. ಆಮೇಲೆ ಅವರ ಬೆರಳು ಮೂಗಿನ ಕೆಂಪು ಬೊಟ್ಟಿನ ಮೇಲೆ ನಿಂತಿತು. "ಆಂಡ್ ದಿಸ್?"

ಇವರು ಕಣ್ಣು ಮುಚ್ಚಿದರು. "ಅದು ಬ್ಲೆಸಿಂಗ್, ಸರ್" ಎಂದೆ. "ನಾನ್-ರಿಮೂವಬಲ್."

ಪಿಂಟೋ ಸಾಹೇಬರು ಟಾರ್ಚ್ ಆರಿಸಿ ಜೇಬಿಗಿಟ್ಟರು. "ನನ್ನ ತಾಯಿ ನನ್ನ ಕಾರಿನಲ್ಲಿ ಸಂತರ ಪದಕ ಅಂಟಿಸಿದ್ದಾಳೆ" ಎಂದರು. "ಅದನ್ನು ತೆಗೆಯೋ ಧೈರ್ಯ ನನಗೂ ಇಲ್ಲ. ಸೋಮವಾರ ಮಾಡೆಲ್ ರೂಮಿಗೆ ಬನ್ನಿ."

ಬಹುಮಾನ ಬೇರೆ ಯಾರಿಗೋ ಹೋಯಿತು. ನಮಗೆ ಯಾರಿಗೂ ಅದರ ಪರಿವೆಯಿರಲಿಲ್ಲ. ಮಾಡೆಲ್ ರೂಮಿನಿಂದ ಇವರು ಮೊದಲು ಬೇಡಿಕೆಯಿಟ್ಟದ್ದು ಒಂದು ಡಬ್ಬಿ ನುಣುಪು ವಿಭೂತಿಗೆ. ಸ್ಟೋರ್ಸಿನಲ್ಲಿ ಇವರ ಜಾಗಕ್ಕೆ ಬಂದವನು, ಈ ವಸ್ತು ಯಾವ ವಿಭಾಗಕ್ಕೆ ಸೇರುತ್ತದೆಂದು ತಿಳಿಯದೆ ತಿರಸ್ಕರಿಸಿದ. ಆಮೇಲೆ ಅತ್ತೆ ಊರಿನಿಂದ ಬರುವಾಗಲೆಲ್ಲ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತರುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಯಾವ ಯಾವ ದೊಡ್ಡವರ ಮೇಜಿನ ಮೇಲೆ ನಮ್ಮತ್ತೆಯ ಇಬತ್ತಿ ಹಚ್ಚಿಕೊಂಡ ವಿಮಾನಗಳು ಕೂತಿದ್ದವೋ, ಆ ದೊಡ್ಡವರಿಗೂ ಗೊತ್ತಿಲ್ಲ. ತೊಟ್ಟಿಲನ್ನೂ ಇವರು ಮಾಡಿದರು, ಸ್ವಲ್ಪ ತಡವಾಗಿ. ಅದೂ ಹೊಳೆಯುತ್ತಿರಲಿಲ್ಲ.

ಅತ್ತೆ ಹೋದರು. ಇವರೂ ಹೋದರು. ನಾನು ನಾಶಿಕದ ಈ ಫ್ಲ್ಯಾಟಿಗೆ ಬರುವಾಗ ಆ ಮೊದಲನೆಯ ವಿಮಾನವನ್ನು ಮಡಿಲಲ್ಲಿಟ್ಟುಕೊಂಡು ಬಂದೆ.

"ಆಂಟೀ?" ಎಂದ ಅಂಗಡಿಯವನು. ನಾನು ಡೆಡ್ ಫ್ಲ್ಯಾಟ್ ಕೊಂಡೆ. ಹಚ್ಚುವ ಮೊದಲು ಎಣ್ಣೆಯ ಪಸೆ ಪೂರ್ತಿ ಹೋಗಬೇಕು ಎಂದು ಎಚ್ಚರಿಸಿ ಕಳಿಸಿದ.

ಮನೆಗೆ ಬಂದು, ಕಡಲೆಹಿಟ್ಟು ಕಲಸಿಕೊಂಡು, ಸುಮನ್‌ಳನ್ನು ಕರೆದೆ. ನನ್ನ ಸಿಟ್ಟು ಆಟೋದಲ್ಲೇ ಎಲ್ಲೋ ಇಳಿದುಹೋಗಿತ್ತು. "ಯಾಕವ್ವಾ ಎಣ್ಣೆ ಹಚ್ಚಿದೆ?" ಎಂದು ಮರಾಠಿಯಲ್ಲಿ ಕೇಳಿದೆ.

"ನೀವೇ ಹೇಳಿದ್ದಿರಲ್ಲ ಆಜೀ" ಎಂದಳು. ಕೆಲಸಕ್ಕೆ ಬಂದ ಹೊಸತರಲ್ಲಿ ಮೂಗಿನ ಕುಂಕುಮ ನೋಡಿ ಇದು ಯಾವ ದೇವರು ಎಂದು ಅವಳು ಕೇಳಿದ್ದಳಂತೆ. ನಾನು ನಕ್ಕು, ಮನೆದೇವರು ಎಂದಿದ್ದೆನಂತೆ. ಅಂದಿರಬೇಕು, ಅತ್ತೆಯ ಆ ಮಾತು ನಮ್ಮ ಮನೆಯಲ್ಲಿ ಬಹಳ ದಿನ ಓಡಾಡಿದ್ದು. "ನಾನು ಯೋಚನೆ ಮಾಡಿದೆ. ಹಾರುವ ದೇವರೆಂದರೆ ಮಾರುತಿ. ಮಾರುತಿಗೆ ಶನಿವಾರ ಎಣ್ಣೆ ಬೇಡವೇ? ನೀವು ಹಾಕುತ್ತಿರಲಿಲ್ಲ. ಪಾಪ, ಅಜ್ಜಿಗೆ ವಯಸ್ಸಾಗಿದೆ, ಮರೆಯುತ್ತಾರೆ ಅಂತ ನಾನೇ ಶನಿವಾರ ಶನಿವಾರ ಕಾಲಿಗೆ ಒಂದು ಹನಿ ಬಿಡುತ್ತಿದ್ದೆ. ಮೊನ್ನೆ ಹನುಮಾನ್ ಜಯಂತಿ, ಅದಕ್ಕೇ ಮೈತುಂಬ ಹಚ್ಚಿದೆ."

ಅವಳ ಮುಖದ ನೋವು ಈಗ ಅರ್ಥವಾಯಿತು. ಅವಳು ಸೇವೆ ಮಾಡಿದ್ದಳು. ನಾನು ಇಂಗ್ಲಿಷಿನಲ್ಲಿ ಬೈದಿದ್ದೆ.

ಇಬ್ಬರೂ ಕೂತು ಕಡಲೆಹಿಟ್ಟಿನಿಂದ ದೇವರಿಗೆ ಅಭ್ಯಂಜನ ಮಾಡಿಸಿದೆವು. ಒಣಗಿದ ಮೇಲೆ ನಾನು ಡೆಡ್ ಫ್ಲ್ಯಾಟ್ ಹಚ್ಚಿದೆ. ಕುಂಕುಮದ ಬೊಟ್ಟು ಇನ್ನೂ ಅಲ್ಲೇ ಇತ್ತು. ಅದನ್ನು ಬಳಸಿಕೊಂಡು ಕುಂಚ ಆಡಿಸಿದೆ. ಬಾಳೆಹಣ್ಣಿನ ವಾಸನೆ ಮನೆ ತುಂಬಿತು. ಸಂಜೆ ಟಾರ್ಚ್ ಬಿಟ್ಟು ನೋಡಿದೆ. ಗ್ಲೇರ್ ಇರಲಿಲ್ಲ.

"ಇನ್ನು ಶನಿವಾರದ ಎಣ್ಣೆ?" ಎಂದು ಸುಮನ್ ಮೆಲ್ಲಗೆ ಕೇಳಿದಳು.

"ಮೈಗೆ ಬೇಡ" ಎಂದೆ. "ಕಾಲಿಗೆ ಹಾಕು. ಕಾಲಿಗೆ ಬೇರೆ ನಿಯಮ."

ಅವಳು ಅಲ್ಲೇ ಬಟ್ಟಲು ತಂದು ಒಂದೊಂದು ಹನಿ ಬಿಟ್ಟಳು. ಕಪಾಟಿನ ಅಂಚಿಗೆ ಹೋಗದಿರಲೆಂದು ನಾನು ವಿಮಾನವನ್ನು ಸ್ವಲ್ಪ ಹಿಂದಕ್ಕೆ ಸರಿಸಲು ಬೆರಳು ತಾಗಿಸಿದೆ. ಎಷ್ಟು ಶನಿವಾರಗಳ ಎಣ್ಣೆ ಆ ಬೂದಿಯೊಳಗೆ ಇಳಿದಿತ್ತೋ ಏನೋ. ಕಿರ್ ಎಂದು ಒಂದು ಸಣ್ಣ ಸದ್ದಾಯಿತು. ಇವರು ಕದ್ದು ಕದ್ದು ತಳ್ಳಿ ನೋಡುತ್ತಿದ್ದ ಗಾಲಿಗಳು ತಿರುಗಿ, ವಿಮಾನ ತಾನಾಗಿ ಒಂದು ಗೇಣು ಉರುಳಿ ಗೋಡೆಯ ಹತ್ತಿರ ನಿಂತಿತು.

ಸುಮನ್ ಎರಡೂ ಕೈ ಮುಗಿದಳು. ನಾನು ಕಾನ್ವೆಂಟಿನ ಹುಡುಗಿ, ವಿಮಾನ ಹೊರಟಾಗ ಏನು ಮಾಡಬೇಕೆಂದು ಗೊತ್ತು. ಕೈ ಎತ್ತಿ ಬೀಸಿದೆ.